ಸೆಕ್ಯುರಿಟಿ ಅಪ್‌ಡೇಟ್ ಆದ ಮೇಲೆ ಬ್ರೌಸರ್ ಕೈಕೊಟ್ಟಿದೆಯಾ? ಇಲ್ಲಿ ಕೇಳಿ

ಸಪೋರ್ಟ್ ಡೆಸ್ಕ್ (ಉತ್ತರ ಕೊಡುವವರು): ತಿಂಗಳ ಎರಡನೇ ಮಂಗಳವಾರದ ವಿಂಡೋಸ್ ಅಪ್‌ಡೇಟ್ ಬಂದಿದೆ. ಬೆಳಗ್ಗೆಯಿಂದ ನನ್ನ ಇನ್‌ಬಾಕ್ಸ್ ತುಂಬಿದೆ, ಅದಕ್ಕೇ ಎಲ್ಲರೂ ಇಲ್ಲೇ ಕೇಳಿ. ಯಾವ ಬ್ರೌಸರ್, ತೆರೆಯ ಮೇಲೆ ಬಂದ ಸಾಲು ಯಾವುದು, ಬೇರೆ ಬ್ರೌಸರ್‌ನಲ್ಲೂ ಹೀಗೇ ಆಗುತ್ತಾ, ಇಷ್ಟು ತಿಳಿಸಿ. ಬರೀ "ಓಪನ್ ಆಗ್ತಿಲ್ಲ" ಅಂದರೆ ನನಗೂ ಏನೂ ಹೊಳೆಯುವುದಿಲ್ಲ.

ಗುಬ್ಬಚ್ಚಿ: ಸರ್, ಕ್ರೋಮ್, ಎಡ್ಜ್ ಎರಡರಲ್ಲೂ "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಅಂತ ಬರುತ್ತಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಸರ್ಟ್ ಡೇಟ್ ಇನ್‌ವ್ಯಾಲಿಡ್" ಅಂತಿದೆ. ನಿನ್ನೆ ಅಪ್‌ಡೇಟ್ ಆಗುವವರೆಗೆ ಸರಿ ಇತ್ತು.

ಸಪೋರ್ಟ್ ಡೆಸ್ಕ್: ಆ ಸಣ್ಣ ಅಕ್ಷರ ಓದಿ ಬರೆದಿದ್ದಕ್ಕೆ ಥ್ಯಾಂಕ್ಸ್. ಮೂಲೆಯಲ್ಲಿರುವ ಗಡಿಯಾರದಲ್ಲಿ ತಾರೀಖು, ಇಸವಿ ನೋಡಿ. ಸರ್ಟ್ ಅಂದರೆ ಸರ್ಟಿಫಿಕೇಟ್, ಸೈಟ್ ಅಸಲಿ ಅನ್ನುವ ಗುರುತುಪತ್ರ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ, ಕೆಲವಕ್ಕೆ 90 ದಿನ ಅಷ್ಟೇ. ನಿಮ್ಮ ಕಂಪ್ಯೂಟರ್ ಬೇರೆ ಯಾವುದೋ ವರ್ಷದಲ್ಲಿ ಕೂತಿದ್ದರೆ ಅದಕ್ಕೆ ಎಲ್ಲಾ ಸೈಟೂ ಸುಳ್ಳಾಗಿ ಕಾಣುತ್ತೆ.

ಗುಬ್ಬಚ್ಚಿ: ಅಯ್ಯೋ, 2019 ಅಂತ ತೋರಿಸುತ್ತಿದೆ! ಸರಿ ಮಾಡಿದೆ, ಎಲ್ಲಾ ತೆರೆಯಿತು.

ಸಪೋರ್ಟ್ ಡೆಸ್ಕ್: ಅಪ್‌ಡೇಟ್ ಮುಗಿದ ಮೇಲೆ ಪೂರ್ತಿ ಆಫ್ ಮಾಡಿ ಪ್ಲಗ್ ತೆಗೆದಿರಬೇಕು, ಅಲ್ವಾ? ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಸೆಲ್ ಇರುತ್ತೆ, ಸಾಮಾನ್ಯವಾಗಿ ಸಿಆರ್ 2032. ಪ್ಲಗ್ ತೆಗೆದಾಗ ಗಡಿಯಾರ ಓಡಿಸುವುದು ಅದೇ, ಅದು ಸತ್ತಿದೆ. ಬದಲಿಸಿ.

ಟ್ಯಾಬ್ ಶೂರ: ನನ್ನ ಕ್ರೋಮ್ ತೆರೆದರೆ ಪೂರ್ತಿ ಕಪ್ಪು. ಮೌಸ್ ಮಾತ್ರ ಓಡಾಡುತ್ತೆ. 60 ಟ್ಯಾಬ್ ಇದ್ದವು, ಹೋದವಾ?

ಸಪೋರ್ಟ್ ಡೆಸ್ಕ್: ಟ್ಯಾಬ್ ಎಲ್ಲೂ ಹೋಗಿಲ್ಲ, ಕಾಣುತ್ತಿಲ್ಲ ಅಷ್ಟೇ. ತೆರೆಯ ಮೇಲೆ ಚಿತ್ರ ಮೂಡಿಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್‌ಗೂ ಬ್ರೌಸರ್‌ಗೂ ಜಗಳ ಬಿದ್ದಂತಿದೆ. ಕ್ರೋಮ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು, ಎರಡು ಹೈಫನ್ ಹಾಕಿ, ಡಿಸೇಬಲ್ ಹೈಫನ್ ಜಿಪಿಯು ಅಂತ ಸೇರಿಸಿ ತೆರೆಯಿರಿ. ತೆರೆದರೆ ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಆಫ್ ಮಾಡಿ, ಶಾರ್ಟ್‌ಕಟ್‌ಗೆ ಸೇರಿಸಿದ್ದನ್ನು ತೆಗೆಯಿರಿ. ಆಮೇಲೆ ಹೊಸ ಡ್ರೈವರ್ ಹಾಕಿ.

ಬೆಳ್ಳಿಮೋಡ: ಫೋನಲ್ಲೂ ಬ್ರೌಸರ್ ನಿಧಾನ ಆಗಿದೆ ಸರ್. ಇಲ್ಲೇ ಕೇಳಬಹುದಾ?

ಹಳೇ ಹುಲಿ: ಗೆಳೆಯರೊಬ್ಬರು ಕಳಿಸಿದ್ದು, ಎಲ್ಲರಿಗೂ ಉಪಯೋಗ ಆಗಲಿ. "ಬ್ರೌಸರ್‌ನ ಎಲ್ಲಾ ತೊಂದರೆಗೂ ಒಂದೇ ಮದ್ದು. 1. ಯೂಸರ್ ಡೇಟಾ ಫೋಲ್ಡರ್ ಡಿಲೀಟ್ ಮಾಡಿ. 2. ಆಂಟಿವೈರಸ್ ಆಫ್ ಮಾಡಿ. 3. ಶಾರ್ಟ್‌ಕಟ್‌ಗೆ ಇಗ್ನೋರ್ ಸರ್ಟಿಫಿಕೇಟ್ ಎರರ್ಸ್ ಅಂತ ಸೇರಿಸಿ. 4. ವಿಂಡೋಸ್ ಅಪ್‌ಡೇಟ್ ಶಾಶ್ವತವಾಗಿ ನಿಲ್ಲಿಸಿ. ಹತ್ತು ಜನಕ್ಕೆ ಕಳಿಸಿ."

ಸಪೋರ್ಟ್ ಡೆಸ್ಕ್: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಮೊದಲನೆಯದು ಮಾಡಿದರೆ ಸಿಂಕ್ ಇಲ್ಲದವರ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲಾ ಹೋಗುತ್ತೆ. ಮೂರನೆಯದು ಮಾಡಿದರೆ ಎಚ್ಚರಿಕೆ ಬರುವುದು ನಿಲ್ಲುತ್ತೆ, ಅಪಾಯ ಹಾಗೇ ಇರುತ್ತೆ. ನಿಮ್ಮ ಬ್ಯಾಂಕಿನ ಪುಟದ ಜಾಗದಲ್ಲಿ ಇನ್ಯಾರದ್ದೋ ಪುಟ ಬಂದು ಕೂತರೂ ಬ್ರೌಸರ್ ತುಟಿ ಬಿಚ್ಚುವುದಿಲ್ಲ. ಫೋಲ್ಡರ್ ಮುಟ್ಟುವ ಮೊದಲು ಹೊಸ ಪ್ರೊಫೈಲ್ ಮಾಡಿ ನೋಡಿ. ಅದರಲ್ಲಿ ಸರಿ ಓಡಿದರೆ ತಪ್ಪು ಬ್ರೌಸರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ನದ್ದೋ ಹಳೇ ಪ್ರೊಫೈಲ್‌ನದ್ದೋ ಇರುತ್ತೆ.

ಹಳೇ ಹುಲಿ: ನಾನು ಅಪ್‌ಡೇಟ್ ನಿಲ್ಲಿಸಿ ವರ್ಷಗಳೇ ಆದವು. ಏನೂ ಆಗಿಲ್ಲ.

ನಿದ್ದೆಗೇಡಿ: ಸರ್, ನನ್ನದು ಸ್ವಲ್ಪ ಬೇರೆ. ಮೂರು ದಿನದ ಹಿಂದೆ ಬ್ರೌಸರ್ ಅಪ್‌ಡೇಟ್ ಮಾಡಿದೆ. ನಿನ್ನೆ ಆಂಟಿವೈರಸ್ ಏನನ್ನೋ ಹಿಡಿದು ಅಳಿಸಿತು. ಆಮೇಲಿಂದ ಯಾವ ಪುಟವೂ ತೆರೆಯುತ್ತಿಲ್ಲ. "ಪ್ರಾಕ್ಸಿ ಕನೆಕ್ಷನ್ ಫೇಲ್ಡ್" ಅಂತ ಬರುತ್ತೆ. ನೆಟ್ ಇದೆಯಾ ಅಂತ ಪಿಂಗ್ ಮಾಡಿದರೆ ಉತ್ತರ ಬರುತ್ತಿದೆ.

ಸಪೋರ್ಟ್ ಡೆಸ್ಕ್: ಪ್ರಾಕ್ಸಿ ಅಂದರೆ ಬ್ರೌಸರ್‌ಗೂ ನೆಟ್‌ಗೂ ನಡುವೆ ಕೂರುವ ಮಧ್ಯವರ್ತಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಪ್ರಾಕ್ಸಿ. ಅಲ್ಲಿ ಏನಿದೆ? ಇನ್ನೊಂದು ಮಾತು, ಆ ಬ್ರೌಸರ್ ಅಪ್‌ಡೇಟ್ ಮಾಡಿದ್ದು ಹೇಗೆ?

ನಿದ್ದೆಗೇಡಿ: 127.0.0.1, ಪೋರ್ಟ್ 8080. ನಾನು ಹಾಕಿದ್ದಲ್ಲ. ಅಪ್‌ಡೇಟು, ಒಂದು ಸೈಟ್ ತೆರೆದಾಗ "ನಿಮ್ಮ ಬ್ರೌಸರ್ ಹಳೆಯದು" ಅಂತ ಬಂತು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಅಂತಿತ್ತು. ಒತ್ತಿದೆ.

ಸಪೋರ್ಟ್ ಡೆಸ್ಕ್: ಮೊದಲು ಆ ಕಂಪ್ಯೂಟರ್‌ನ ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಆಮೇಲೆ ಇದನ್ನು ಫೋನಲ್ಲಿ ಓದಿ.

ಅದು ಅಪ್‌ಡೇಟೇ ಅಲ್ಲ. ಆ ಪುಟ ನಿಮಗೆ ಗೊತ್ತಾಗದಂತೆ ಒಂದು ಕಮಾಂಡನ್ನು ಕ್ಲಿಪ್‌ಬೋರ್ಡ್‌ಗೆ ಕಾಪಿ ಮಾಡಿತ್ತು. ನೀವೇ ಅದನ್ನು ರನ್ ಡಬ್ಬಿಗೆ ಅಂಟಿಸಿ ಓಡಿಸಿದಿರಿ. ಆ ಡಬ್ಬಿ ಚಿಕ್ಕದು, ಉದ್ದದ ಸಾಲಿನ ಬಾಲ ಮಾತ್ರ ಕಾಣುತ್ತೆ. ಬಾಲದಲ್ಲಿ "ಅಪ್‌ಡೇಟ್ ಪರಿಶೀಲನೆ" ಅಂತ ಏನೋ ಸಾಧು ಮಾತು ಬರೆದಿರುತ್ತಾರೆ. ಕೆಲಸ ಮಾಡುವ ಭಾಗ ಎಡಗಡೆ, ಕಣ್ಣಿಗೆ ಬೀಳದ ಕಡೆ ಇರುತ್ತೆ. ಮತ್ತೆ ವಿಂಡೋಸ್ ಕೀ, ಆರ್ ಒತ್ತಿದರೆ ಆ ಸಾಲು ಇನ್ನೂ ಅಲ್ಲೇ ಇರಬಹುದು. ಫೋಟೋ ತೆಗೆಯಿರಿ. ಎಂಟರ್ ಮಾತ್ರ ಒತ್ತಬೇಡಿ.

ಈಗ ಪ್ರಾಕ್ಸಿ ವಿಷಯ. 127.0.0.1 ಅಂದರೆ ನಿಮ್ಮದೇ ಕಂಪ್ಯೂಟರ್. ಒಳಗೆ ಒಂದು ಪ್ರೋಗ್ರಾಂ ಕೂತು, ನಿಮ್ಮ ಬ್ರೌಸರ್ ಕೇಳಿದ್ದನ್ನೆಲ್ಲ ತನ್ನ ಕೈಯಿಂದಲೇ ದಾಟಿಸುತ್ತಿತ್ತು ಅಂತ ನನ್ನ ಅನುಮಾನ. ಆಂಟಿವೈರಸ್ ಆ ಪ್ರೋಗ್ರಾಂ ಅಳಿಸಿತು, ಸೆಟ್ಟಿಂಗ್ ಹಾಗೇ ಉಳಿಯಿತು. ಬ್ರೌಸರ್ ಈಗಲೂ ಇಲ್ಲದ ಬಾಗಿಲು ತಟ್ಟುತ್ತಿದೆ. ಪಿಂಗ್ ಪ್ರಾಕ್ಸಿ ದಾರಿಯಲ್ಲಿ ಹೋಗುವುದಿಲ್ಲ, ಅದಕ್ಕೇ ಅದಕ್ಕೆ ಉತ್ತರ ಬರುತ್ತಿದೆ. ಪುಟ ತೆರೆಯದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿ. ತೆರೆದಿದ್ದರೆ ನೀವು ಇಲ್ಲಿ ಕೇಳುತ್ತಲೇ ಇರಲಿಲ್ಲ.

ಪ್ರಾಕ್ಸಿ ಆಫ್ ಮಾಡಿದರೆ ಪುಟ ತೆರೆಯುತ್ತೆ, ಆದರೆ ಈಗಲೇ ಮಾಡಬೇಡಿ. ಇಂಥವು ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕ್ಕಿ ಎರಡನ್ನೂ ಕದಿಯುತ್ತವೆ. ಕುಕ್ಕಿ ಅಂದರೆ ನೀವು ಆಗಲೇ ಲಾಗಿನ್ ಆಗಿದ್ದೀರಿ ಅನ್ನುವ ಗುರುತಿನ ಚೀಟಿ. ಅದು ಕೈಗೆ ಸಿಕ್ಕರೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಹಾಗಾಗಿ ಫೋನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, "ಎಲ್ಲಾ ಸಾಧನಗಳಿಂದ ಸೈನ್ ಔಟ್" ಒತ್ತಿ. ಆಮೇಲೆ ಬ್ಯಾಂಕ್, ಉಳಿದದ್ದೆಲ್ಲ ಅದರ ಹಿಂದೆ. ಇಮೇಲ್‌ನಲ್ಲಿ ನೀವು ಹಾಕದ ಫಾರ್ವರ್ಡಿಂಗ್ ವಿಳಾಸ ಇದೆಯಾ ನೋಡಿ, ಇದನ್ನು ಎಲ್ಲರೂ ಮರೆಯುತ್ತಾರೆ.

ನಿದ್ದೆಗೇಡಿ: ಆಂಟಿವೈರಸ್ ಈಗ ಕ್ಲೀನ್ ಅನ್ನುತ್ತಿದೆಯಲ್ಲ ಸರ್?

ಸಪೋರ್ಟ್ ಡೆಸ್ಕ್: ಕಳ್ಳ ಹೊರಟು ಹೋದ ಮೇಲೆ ಮನೆ ಖಾಲಿ ಇರುತ್ತೆ. ಮೇಲೆ ಹೇಳಿದ್ದು ಮಾಡಿ.

ಚುಕ್ಕಿ: ಸರ್, "ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಅಂತ ಬರ್ತಿದೆ, ಡೇಟ್ ಇನ್‌ವ್ಯಾಲಿಡ್ ಅಂತೆ.

ಸಪೋರ್ಟ್ ಡೆಸ್ಕ್: ಗಡಿಯಾರ ನೋಡಿ.

ಹಳೇ ಹುಲಿ: ನೋಡಿದಿರಾ, ಅಪ್‌ಡೇಟ್ ಅಂತ ಹೋಗಿ ಪಾಪ ಸಿಕ್ಕಿಹಾಕಿಕೊಂಡರು. ನಾನು ಹೇಳಿದ್ದೇ ಇದು.

ಟ್ಯಾಬ್ ಶೂರ: ಅದು ಅಪ್‌ಡೇಟೇ ಅಲ್ಲ ಅಂತ ಈಗ ತಾನೇ ಬರೆದರಲ್ಲ ಅಣ್ಣ. ಓದಿ ಮಾತಾಡಿ. ನಿಮ್ಮದು ಇನ್ನೂ ವಿಂಡೋಸ್ 7 ತಾನೇ?

ಹಳೇ ಹುಲಿ: ಹೌದು, ಬಂಡೆಯಂತಿದೆ. ಫೈರ್‌ಫಾಕ್ಸ್‌ನಲ್ಲಿ ಆಡ್-ಆನ್ ಎಲ್ಲಾ ತಾನಾಗಿ ಆಫ್ ಆಗಿವೆ ಅನ್ನೋದು ಬಿಟ್ಟರೆ.

ಟ್ಯಾಬ್ ಶೂರ: ಅಪ್‌ಡೇಟ್ ಮಾಡದೇ ಇದ್ದದ್ದಕ್ಕೇ ಆಫ್ ಆಗಿರೋದು! ಆಡ್-ಆನ್ ಅಸಲಿಯೋ ಅಂತ ನೋಡುವ ರೂಟ್ ಸರ್ಟಿಫಿಕೇಟ್ ಒಂದರ ಅವಧಿ 2025ರ ಮಾರ್ಚ್ 14ಕ್ಕೆ ಮುಗಿಯಿತು. ಹಳೇ ಆವೃತ್ತಿ ಇಟ್ಟುಕೊಂಡವರಿಗೆ ಹೊಡೆತ ಬಿತ್ತು.

ಹಳೇ ಹುಲಿ: 60 ಟ್ಯಾಬ್ ತೆರೆದು ಕಪ್ಪು ಪರದೆ ನೋಡುವವರು ನನಗೆ ಪಾಠ ಹೇಳೋದಾ?

ಗುಬ್ಬಚ್ಚಿ: ಇಬ್ಬರೂ ಸುಮ್ನಿರಿ ಪ್ಲೀಸ್.

ಸಪೋರ್ಟ್ ಡೆಸ್ಕ್: ಟ್ಯಾಬ್ ಶೂರ ಹೇಳಿದ್ದು ಸರಿ. ವಿಂಡೋಸ್ 7ಕ್ಕೆ ಕ್ರೋಮ್ 109 ಕೊನೆ, 2023ರ ಫೆಬ್ರವರಿಯಲ್ಲಿ ಬಂದ 110 ಅದರ ಮೇಲೆ ಓಡುವುದಿಲ್ಲ. ಫೈರ್‌ಫಾಕ್ಸ್ ಆದರೆ 115 ಇಎಸ್‌ಆರ್ (ದೀರ್ಘಾವಧಿ ಆವೃತ್ತಿ) ಹಾಕಿಕೊಳ್ಳಿ, ಅದರಲ್ಲೂ ಕೊನೆಯದನ್ನು. ಇದರ ಮೇಲೆ ವಾದ ಬೇಡ.

ಬೆಳ್ಳಿಮೋಡ: ನನ್ನ ಫೋನ್ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಹೊಸಬ: ಪುಟ ತೆರೆದರೆ ಪ್ರೈವೇಟ್ ಅಲ್ಲ ಅನ್ನುತ್ತೆ, ಡೇಟ್ ಅಂತ ಏನೋ ಇದೆ. ಹಳೇ ಹುಲಿ ಅವರ ಮೂರನೇ ಮದ್ದು ಹಾಕಿದೆ, ಸೂಪರ್ ಆಗಿ ಓಡುತ್ತಿದೆ!

ಸಪೋರ್ಟ್ ಡೆಸ್ಕ್: ತೆಗೆಯಿರಿ ಅದನ್ನ. ಈಗಲೇ. ಆಮೇಲೆ ಗಡಿಯಾರ. ಹಳೇ ಹುಲಿ, ಆ ಪೋಸ್ಟ್ ಅಳಿಸಿ.

ಹಳೇ ಹುಲಿ: ಒಳ್ಳೇದಕ್ಕೆ ಕಾಲ ಇಲ್ಲ.

ನಿದ್ದೆಗೇಡಿ: ಸರ್, ಇಮೇಲ್‌ನಲ್ಲಿ ಫಾರ್ವರ್ಡಿಂಗ್ ಇಲ್ಲ. ಆದರೆ ಸಾಧನಗಳ ಪಟ್ಟಿಯಲ್ಲಿ ನನ್ನದಲ್ಲದ ಒಂದು ವಿಂಡೋಸ್ ಇದೆ. ನಿನ್ನೆ ರಾತ್ರಿ 2:40ಕ್ಕೆ ಬಂದಿದೆ.

ಸಪೋರ್ಟ್ ಡೆಸ್ಕ್: ಅದನ್ನು ಹೊರಗೆ ಹಾಕಿ, ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿನ ಸಹಾಯವಾಣಿಗೆ ಈಗಲೇ ಫೋನ್ ಮಾಡಿ. ಲ್ಯಾಪ್‌ಟಾಪ್‌ನಿಂದ ಫೋಟೋ, ಕಾಗದಪತ್ರ ಮಾತ್ರ ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಪ್ರೋಗ್ರಾಂ ಯಾವುದೂ ಬೇಡ. ಆಮೇಲೆ ಎಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು. ಇನ್‌ಸ್ಟಾಲ್ ಡ್ರೈವ್ ಬೇರೆ ಕಂಪ್ಯೂಟರ್‌ನಲ್ಲಿ ತಯಾರು ಮಾಡಿ. ನಾನು ಇವತ್ತು ಇವರ ಜೊತೆಗೇ ಇರುತ್ತೇನೆ, ಉಳಿದವರು ನಾಳೆ ಕೇಳಿ.

ಚುಕ್ಕಿ: ಗಡಿಯಾರ ಸರಿ ಇದೆ ಸರ್. ಇಸವಿ ಎಲ್ಲಿ ತೋರಿಸುತ್ತೆ?