ಸೀಸನ್ ಟಿಕೆಟ್ ಬಿಡಲೇ, ಉಳಿಸಿಕೊಳ್ಳಲೇ? ಅನುಭವವಿದ್ದವರು ಹೇಳಿ

ನೀಲಿಗೆರೆ: ನಮ್ಮ ಕಾಲೇಜಿನ ಐಸ್ ಹಾಕಿ ತಂಡ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಟೂರ್ನಿಯ ಹದಿನಾರರ ಪಟ್ಟಿಯಲ್ಲಿ ಕಾಣಿಸಿಕೊಂಡು ಒಂಬತ್ತು ವರ್ಷವಾಯಿತು. ಈ ಜನವರಿಯಲ್ಲಿ ಸತತ ಏಳನೆಯ ಪಂದ್ಯ ಸೋತ ವಾರವೇ ಕ್ರೀಡಾ ನಿರ್ದೇಶಕರು ಕೋಚ್‌ಗೆ ಇನ್ನೂ ಮೂರು ವರ್ಷ ಬರೆದುಕೊಟ್ಟರು. ಮಗಳಿಗೂ ನನಗೂ ಸೇರಿ ಹನ್ನೊಂದು ವರ್ಷದಿಂದ ಎರಡು ಸೀಟುಗಳಿವೆ. ಒಂದನ್ನು ಬಿಟ್ಟು ಒಂದನ್ನು ಇಟ್ಟುಕೊಂಡರೆ, ಒಳ್ಳೆಯ ಸೀಟು ಕೊಡಿಸುವ ಹಿರಿತನದ ಅಂಕಗಳು ಉಳಿಯುತ್ತವೆಯೇ? ತಿಂಗಳ ಕೊನೆಯೊಳಗೆ ಹಣ ಕಟ್ಟಬೇಕು.

ಹದಿನಾಲ್ಕನೇ ಸಾಲು: ನಾನು 2019ರಲ್ಲಿ ಬಿಟ್ಟೆ. ಲೆಕ್ಕ ಇಂದಿಗೂ ಬಾಯಿಪಾಠ. ಎರಡು ಸೀಟಿಗೆ 620 ಡಾಲರ್. ಆ ಸೀಟಿನಲ್ಲಿ ಕೂರುವ ಹಕ್ಕಿಗೆಂದು ‘ದೇಣಿಗೆ’ ತಲಾ 250, ಅಂದರೆ 500. ಹದಿನೆಂಟು ರಾತ್ರಿಗೆ ಹದಿನೈದರಂತೆ ಪಾರ್ಕಿಂಗ್ 270. ಒಟ್ಟು 1,390, ಕಾಫಿ ಬೇರೆ. ಮೊದಲು ಆ ದೇಣಿಗೆಯ ಶೇ 80ರಷ್ಟನ್ನು ತೆರಿಗೆಯಲ್ಲಿ ಕಳೆಯಬಹುದಿತ್ತು. 2017ರ ತೆರಿಗೆ ಕಾನೂನು ಅದನ್ನೂ ತೆಗೆದುಹಾಕಿತು. ಇಷ್ಟೆಲ್ಲ ಕಟ್ಟಿ ನೋಡಿದ್ದೇನು? ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯ ಆಟಗಾರ ಶಿಕ್ಷೆಯಾಗಿ ಹೊರಗೆ ಕೂತಿರುವಾಗಲೂ, ಎದುರಾಳಿಯಿಂದಲೇ ಗೋಲು ತಿನ್ನುವ ತಂಡವನ್ನು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎರಡು ವರ್ಷದ ಬಳಿಕ ಮನಸ್ಸು ತಡೆಯದೆ ಮರಳಿ ಹೋದೆ. ಅಂಕಗಳೆಲ್ಲ ಸೊನ್ನೆ, ಮೂಲೆಯಲ್ಲಿ ಬಲೆಯ ಹಿಂದೆ ಕೂರಿಸಿದರು. ಹಾಗೆಂದು ಬಿಟ್ಟದ್ದು ತಪ್ಪೆಂದು ಹೇಳುತ್ತಿಲ್ಲ.

ಮೂರನೆಯ ಅವಧಿ: ಗೆದ್ದಾಗ ಬರುವವರು, ಸೋತಾಗ ಲೆಕ್ಕ ಬರೆಯುವವರು! ನಾನು ಇಪ್ಪತ್ತೆರಡು ವರ್ಷದಿಂದ ಒಂದು ಶುಕ್ರವಾರವನ್ನೂ ತಪ್ಪಿಸಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾದ ಒಂಬತ್ತನೆಯ ದಿನ ಊರುಗೋಲಿನಲ್ಲಿ ಹೋಗಿ 1–6 ಸೋಲು ನೋಡಿ ಬಂದೆ. ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ತಂಡವನ್ನು ನೋಡಿ, 2025ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಎತ್ತಿತು. ಅಲ್ಲಿಯವರೆಗೆ ಕಾದವರಿಗೆ ಆ ರಾತ್ರಿ ಸಿಕ್ಕಿತು, ಬಿಟ್ಟುಹೋದವರಿಗೆ ಟಿವಿ.

ಹದಿನಾಲ್ಕನೇ ಸಾಲು: ಮೇಡಂ, ಅಲ್ಲಿ 2021ರಲ್ಲಿ ಹೊಸ ಕೋಚ್ ಬಂದರು. ನಮ್ಮಲ್ಲಿ ಬಂದದ್ದು ಹೊಸ ಸ್ಕೋರ್‌ಬೋರ್ಡ್.

ಕೆಂಪು ದೀಪ: ಎಲ್ಲದಕ್ಕೂ ಕೋಚ್ ಹೊಣೆಯೇ? ನನ್ನ ತಂಗಿಯ ಮಗ ಎರಡನೆಯ ದರ್ಜೆಯ ತಂಡವೊಂದರಲ್ಲಿ ಆಡಿದವನು, ಒಳಗಿನದು ನನಗೆ ಸ್ವಲ್ಪ ಗೊತ್ತು. ಒಬ್ಬ ಹುಡುಗ ಇಪ್ಪತ್ತು ಗೋಲು ಹೊಡೆದರೆ ಏಪ್ರಿಲ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ, ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಪಟ್ಟಿಯಲ್ಲಿ, ಅವನ ಹೆಸರು. 2025ರ ಆಗಸ್ಟ್‌ನಿಂದ ಕೆನಡಾದ ಯುವ ಲೀಗ್‌ಗಳಾದ ಮೇಜರ್ ಜೂನಿಯರ್‌ನ ಹುಡುಗರಿಗೂ ಕಾಲೇಜು ಹಾಕಿಯ ಬಾಗಿಲು ತೆರೆಯಿತು. ದೊಡ್ಡ ಕಾಲೇಜುಗಳು ಅವರನ್ನು ತುಂಬಿಕೊಂಡವು. ಬಡ ಕಾಲೇಜಿನ ಕೋಚ್ ಏನು ಮಾಡಬೇಕು?

ಹದಿನಾಲ್ಕನೇ ಸಾಲು: ಕುಣಿಯಲಾರದವಳಿಗೆ ನೆಲ ಡೊಂಕು, ಇವರಿಗೆ ಐಸ್ ಡೊಂಕು. ಯೂನಿಯನ್ ಕಾಲೇಜು ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದೆ 2014ರಲ್ಲಿ ಪ್ರಶಸ್ತಿ ಗೆದ್ದಿತು.

ಕೆಂಪು ದೀಪ: ಆಗ ಪೋರ್ಟಲ್ ಎಲ್ಲಿತ್ತು ಸ್ವಾಮಿ? ಅದು ಬಂದದ್ದೇ 2018ರಲ್ಲಿ. ಉದಾಹರಣೆ ಕೊಡುವ ಮುನ್ನ ಇಸವಿ ನೋಡಿಕೊಳ್ಳಿ.

ಉಳಿದ ಐಸ್: ನಿಮಗೆ ಬೈಯಲು ಒಂದು ತಂಡವಾದರೂ ಇದೆ. ನಮ್ಮದನ್ನು ಮುಚ್ಚುತ್ತೇವೆಂದಾಗ ನಿಧಿ ಕೂಡಿಸಿದವರಲ್ಲಿ ನಾನೂ ಒಬ್ಬ. ಮೊದಲ ಕಂತು 2,000 ಡಾಲರ್, ಎರಡನೆಯದು 1,500, ಮೂರನೆಯದಕ್ಕೆ ಹೆಂಡತಿ ಮಾತು ಬಿಟ್ಟಳು. ಹಣ ಪಡೆದ ಆಡಳಿತ ಒಂದು ರಸೀದಿ ಕಳುಹಿಸಿತು, ಅದರಲ್ಲಿ ನನ್ನ ಹೆಸರು ತಪ್ಪು. ಅಲಬಾಮಾದ ಹಂಟ್ಸ್‌ವಿಲ್ ತಂಡವನ್ನು 2020ರಲ್ಲಿ ಅಭಿಮಾನಿಗಳ ಹಣ ಉಳಿಸಿತು. ಸೇರಿಸಿಕೊಳ್ಳುವ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ಸಿಗದೆ 2021ರಲ್ಲಿ ಮತ್ತೆ ನಿಂತಿತು. ಹಣ ಕೊಟ್ಟ ಮಾತ್ರಕ್ಕೆ ತಂಡ ನಮ್ಮದಾಗುವುದಿಲ್ಲ.

ಮೂರನೆಯ ಅವಧಿ: ಅರ್ಧ ಕಥೆ ಹೇಳಬೇಡಿ. ಅಲಾಸ್ಕಾದ ಆಂಕರೇಜ್‌ನ ತಂಡವನ್ನೂ ಮುಚ್ಚಲು ಹೊರಟಿದ್ದರು, ಅವರು 30 ಲಕ್ಷ ಡಾಲರ್ ಕೂಡಿಸಿದರು, 2022ರಲ್ಲಿ ತಂಡ ಮತ್ತೆ ಐಸ್ ಮೇಲೆ ಇಳಿಯಿತು.

ಉಳಿದ ಐಸ್: ರಸೀದಿಯಲ್ಲಿ ಹೆಸರು ತಪ್ಪಾದದ್ದು ನಿಮ್ಮದಲ್ಲವಲ್ಲ.

ಖಾಲಿ ಕುರ್ಚಿ: ನಾನು ಮಧ್ಯದ ದಾರಿ ಹಿಡಿದು ಕೆಟ್ಟೆ. ಹಣ ಕಟ್ಟಿದೆ, ಪ್ರತಿಭಟನೆಯೆಂದು ಇಡೀ ಚಳಿಗಾಲ ಒಳಗೆ ಕಾಲಿಡಲಿಲ್ಲ. ಟಿವಿಯಲ್ಲಿ ನನ್ನ ಖಾಲಿ ಕುರ್ಚಿ ಕಂಡರೆ ಸಮಾಧಾನ. ಮಾರ್ಚ್‌ನಲ್ಲಿ ತಿಳಿಯಿತು: ಅವರು ಪ್ರಕಟಿಸುವ ಹಾಜರಿ ಮಾರಾಟವಾದ ಟಿಕೆಟ್‌ಗಳದ್ದು, ಬಂದ ತಲೆಗಳದ್ದಲ್ಲ. ಹದಿನೇಳು ಪಂದ್ಯಕ್ಕೂ ನಾನು ಹಾಜರು! ಅದೇ ಅಂಕಿಯನ್ನು ತೋರಿಸಿ ‘ಅಭಿಮಾನಿಗಳ ಬೆಂಬಲ ಕುಗ್ಗಿಲ್ಲ’ ಎಂದು ನಿರ್ದೇಶಕರು ಪತ್ರ ಬರೆದರು. ಅದು ನನಗೂ ಬಂತು.

ಕೆಂಪು ದೀಪ: ಹೋಗಿ ಕೂಗಬೇಕಿತ್ತು. ಕುರ್ಚಿಗೆ ಬಾಯಿಲ್ಲ.

ಖಾಲಿ ಕುರ್ಚಿ: ಕೂಗಿದವರನ್ನು ನಿಮ್ಮಂಥವರೇ ‘ಹುಡುಗರ ಮನಸ್ಸು ನೋಯಿಸಬೇಡಿ’ ಎಂದು ಕೂರಿಸುತ್ತೀರಿ.

ಹದಿನಾಲ್ಕನೇ ಸಾಲು: ಕೂಗಿದರೂ ಕೇಳಿಸದು. ಬ್ಯಾಂಡ್‌ನವರನ್ನು ಮೇಲಕ್ಕೆ ಕಳಿಸಿ ಸ್ಪೀಕರ್ ಇಟ್ಟಿದ್ದಾರೆ.

ಮೂರನೆಯ ಅವಧಿ: ಬ್ಯಾಂಡ್ ಮೇಲಿದ್ದರೇ ಚೆನ್ನ. ನನ್ನ ಕಿವಿಯ ಪಕ್ಕದಲ್ಲಿ ಆರು ವರ್ಷ ಟ್ರೊಂಬೋನ್ ಇತ್ತು.

ಹದಿನಾಲ್ಕನೇ ಸಾಲು: ಬ್ಯಾಂಡ್ ಬೇಡವೆನ್ನುವವರು ಇಪ್ಪತ್ತೆರಡು ವರ್ಷ ಅಲ್ಲಿ ಕೂತು ನೋಡಿದ್ದಾದರೂ ಏನು?

ನೀಲಿಗೆರೆ: ನಾಳೆಯೇ ಕೊನೆಯ ದಿನ. ಒಂದು ಸೀಟು ಬಿಟ್ಟರೆ ಅಂಕಗಳು ಅರ್ಧ ಹೋಗುತ್ತವೆಯೇ, ಪೂರ್ತಿಯೇ?

ಉಳಿದ ಐಸ್: ಅಂಕ ಹಾಗಿರಲಿ, ನಿಮ್ಮ ರಸೀದಿಯಲ್ಲಿ ಹೆಸರು ಸರಿಯಾಗಿದೆಯೇ, ಮೊದಲು ನೋಡಿ.