ಹೊಡೆಯದೆ ಮಗನನ್ನು ತಿದ್ದುವುದು ಹೇಗೆ?

ಪ್ರಶ್ನೆ (ಒಬ್ಬ ತಾಯಿ):
9 ವರ್ಷದ ನನ್ನ ಮಗ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ನಾನಿಟ್ಟಿದ್ದ 50 ರೂಪಾಯಿ ತೆಗೆದುಕೊಂಡು, ಕೇಳಿದಾಗ ಮೂರು ಸಲ ಸುಳ್ಳು ಹೇಳಿದ. ಯಜಮಾನರು ಸಿಟ್ಟಿನಲ್ಲಿ ಕೆನ್ನೆಗೆ ಬಾರಿಸಿದರು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಮುಂದೆ ಅವನಿಗೇ ಒಳ್ಳೆಯದು' ಎಂದರು ಅತ್ತೆಯವರು. ಆದರೆ ಮೊನ್ನೆ ಯಜಮಾನರು ಗೂಟದಲ್ಲಿದ್ದ ಟವೆಲ್ ತೆಗೆಯಲು ಕೈ ಎತ್ತಿದಾಗ, ಪಕ್ಕದಲ್ಲಿ ನಿಂತಿದ್ದ ಮಗ ಕೆನ್ನೆಗೆ ಕೈ ಅಡ್ಡ ಹಿಡಿದುದನ್ನು ಕಂಡು ನನಗೆ ಊಟ ಸೇರಲಿಲ್ಲ. ಸಡಿಲ ಬಿಟ್ಟರೆ ಹಾದಿ ತಪ್ಪುತ್ತಾನೆಂಬ ಭಯವೂ ಇದೆ. ಏನು ಮಾಡಲಿ?

ಉತ್ತರ (ನಿವೃತ್ತ ಶಿಕ್ಷಕ):
ತಾಯಿ, ನಾನು ಬೆತ್ತ ಹಿಡಿದೇ ಪಾಠ ಮಾಡಿದವನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿ, 2010ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂದಾಗ, ಇನ್ನು ತರಗತಿ ಹಿಡಿತಕ್ಕೆ ಸಿಗದೆಂದೇ ನಂಬಿದ್ದೆ. ಹೋಂವರ್ಕ್ ಮಾಡದ ಮಕ್ಕಳು ಅದುವರೆಗೆ ಬೆಳಗಿನ ಪ್ರಾರ್ಥನೆಗೆ ಮೊದಲೇ ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದರು. ಬೆತ್ತ ಕೆಳಗಿಟ್ಟ ಮೇಲೆ 'ಈ ಲೆಕ್ಕ ಬರಲಿಲ್ಲ ಸರ್' ಎಂದು ಬಾಯಿಬಿಟ್ಟು ಹೇಳತೊಡಗಿದರು. ಸ್ವೀಡನ್ ದೇಶ 1979ರಲ್ಲೇ ಮನೆಯಲ್ಲಿ ಹೊಡೆಯುವುದನ್ನೂ ನಿಷೇಧಿಸಿತು. ನಮ್ಮ ಈ ಕಾಯ್ದೆ ಶಾಲೆಯ ಗೇಟಿನಾಚೆ ಬರುವುದಿಲ್ಲ, ಆದರೆ ಹೆದರಿದ ಮಗು ಎರಡೂ ಕಡೆ ಮುಚ್ಚಿಡುವುದನ್ನೇ ಕಲಿಯುತ್ತದೆ.

ಹಾಗೆಂದು ಸುಮ್ಮನೆ ಬಿಡಬೇಡಿ. ವಾರಕ್ಕೆ 10 ರೂಪಾಯಿ ಕೈಖರ್ಚಿಗೆ ಕೊಟ್ಟು, ಅದರಲ್ಲಿ 5 ರೂಪಾಯಿಯನ್ನು ಅವನ ಕೈಯಿಂದಲೇ ಡಬ್ಬಿಗೆ ಹಾಕಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವನಿಂದಲೇ ಗುರುತು ಮಾಡಿಸಿ. 10 ವಾರ ಹಿಡಿಯುತ್ತದೆ, ಹಿಡಿಯಲಿ. ಅಷ್ಟೂ ದಿನ ಯಾರೂ ಅವನನ್ನು 'ಕಳ್ಳ' ಎನ್ನಬಾರದು, ನೆಂಟರ ಮುಂದೆ ಆ ಮಾತನ್ನು ಎತ್ತಲೂಬಾರದು.

ಉತ್ತರ (ಇಬ್ಬರು ಮಕ್ಕಳ ತಂದೆ, ತೋಟಗಾರ):
ಅಕ್ಕ, ನಿಮ್ಮ ಅತ್ತೆಯವರ ಗಾದೆ ನಿಜ. ಆದರೆ ಗಿಡ ಬಗ್ಗಿಸುವವರು ಪಕ್ಕಕ್ಕೊಂದು ಕೋಲು ನೆಟ್ಟು ಹಗ್ಗವನ್ನು ಸಡಿಲವಾಗಿ ಕಟ್ಟುತ್ತಾರೆ. ಬಿಗಿದರೆ ಕಾಂಡ ಕೊಯ್ದುಹೋಗುತ್ತದೆ. ಇನ್ನೊಂದು ಮಾತು, ಮನೆಯ ಹಿರಿಯರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ನಾನು ಮೊಬೈಲ್ ಕಸಿದುಕೊಂಡರೆ ನಮ್ಮಮ್ಮ ಸೆರಗಿನ ಮರೆಯಲ್ಲಿ ತಮ್ಮದನ್ನು ಕೊಡುತ್ತಿದ್ದರು. ರಾತ್ರಿ 8ರ ಮೇಲೆ ಯಾರೂ, ನಾನೂ ಸಹ, ಮೊಬೈಲ್ ಮುಟ್ಟುವುದಿಲ್ಲವೆಂದು ತೀರ್ಮಾನಿಸಿದ ಮೇಲಷ್ಟೇ ಅಳು ನಿಂತಿತು. ಯಜಮಾನರು ಮಗನನ್ನು ಹತ್ತಿರ ಕೂರಿಸಿಕೊಂಡು, ತಾನು ಹೊಡೆದದ್ದು ತಪ್ಪು, ಅವನು ಹಣ ತೆಗೆದದ್ದೂ ತಪ್ಪು ಎಂದು ಎರಡನ್ನೂ ಹೇಳಲಿ.

ಪ್ರಶ್ನೆ ಕೇಳಿದ ತಾಯಿ:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಯಜಮಾನರು ಹಾಗೆಯೇ ಹೇಳಿದರು. ಮಗ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಕೊನೆಗೆ 'ಐವತ್ತಲ್ಲ ಅಪ್ಪ, ಎಪ್ಪತ್ತು' ಎಂದ. ಕ್ಯಾಲೆಂಡರಿನಲ್ಲಿ 14 ವಾರಗಳಿಗೆ ಗುರುತು ಹಾಕಿಕೊಂಡಿದ್ದೇವೆ.