ಸ್ನೂಕರ್ ಕ್ಯೂ ತೂಕ: 17 ಔನ್ಸ್ ತಗೊಳ್ಳಲಾ, 19 ತಗೊಳ್ಳಲಾ?

ಹಸಿರುಬಟ್ಟೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಂದು ಪಾರ್ಲರ್‌ಗೆ ಹೋಗಿ ಸ್ನೂಕರ್ ಆಡುತ್ತೇನೆ. ಇಷ್ಟು ದಿನ ಅಲ್ಲಿನ ಹೌಸ್ ಕ್ಯೂನಲ್ಲೇ (ಪಾರ್ಲರ್‌ನವರೇ ಇಟ್ಟಿರುವ ಆಟದ ಕೋಲು) ಆಡಿದ್ದು. ಈಗ ಸ್ವಂತದ್ದು ಒಂದು ತಗೊಳ್ಳೋಣ ಅಂತ ದುಡ್ಡು ಕೂಡಿಸಿ ಇಟ್ಟಿದ್ದೇನೆ, ಆದರೆ ತೂಕದ ವಿಷಯಕ್ಕೆ ಬಂದು ನಿಂತುಬಿಟ್ಟಿದೆ. ಅಂಗಡಿಯವರು 18.5 ಔನ್ಸ್ ತಗೊಳ್ಳಿ, ಎಲ್ಲರೂ ಅದನ್ನೇ ತಗೊಳ್ಳೋದು ಅನ್ನುತ್ತಾರೆ. ಜೊತೆಗೆ ಆಡುವ ಗೆಳೆಯ 19ಕ್ಕಿಂತ ಕಡಿಮೆ ಇದ್ದರೆ ಬಾಲ್‌ಗೆ ಜೋರು ಬರಲ್ಲ ಅನ್ನುತ್ತಾನೆ. ಆನ್‌ಲೈನ್‌ನಲ್ಲಿ ನೋಡಿದರೆ 16ರಿಂದ 21ರವರೆಗೆ ಎಲ್ಲಾ ಸಿಗುತ್ತೆ. ನನ್ನ ಎತ್ತರ 5 ಅಡಿ 4 ಇಂಚು, ಕೈ ಅಷ್ಟೇನೂ ಗಟ್ಟಿ ಇಲ್ಲ. ಎತ್ತರಕ್ಕೂ ತೂಕಕ್ಕೂ ಸಂಬಂಧ ಇದೆಯಾ? ಪಾರ್ಲರ್‌ನಲ್ಲಿ ಒಂದು ಹಳೇ ಕ್ಯೂ ಇದೆ, ಅದರಲ್ಲಿ ಆಡಿದರೆ ಚೆನ್ನಾಗಿ ಬೀಳುತ್ತೆ, ಆದರೆ ಅದರ ಮೇಲೆ ತೂಕ ಏನೂ ಬರೆದಿಲ್ಲ. ದಯವಿಟ್ಟು ಗೊತ್ತಿರುವವರು ಹೇಳಿ.

ಬಾಕ್‌ಲೈನ್:

ಮೊದಲು ಒಂದು ವಿಷಯ. 19, 20, 21 ಅಂತ ಕಾಣಿಸುವುದು ಹೆಚ್ಚಾಗಿ ಪೂಲ್ ಕ್ಯೂಗಳು. ಪೂಲ್ ಬಾಲ್ ದೊಡ್ಡದು, ಟಿಪ್ (ಬಾಲ್‌ಗೆ ತಾಗುವ ತುದಿ) ಕೂಡ ದಪ್ಪ, ಆ ಲೆಕ್ಕ ಇಲ್ಲಿ ಬೇಡ. ಸ್ನೂಕರ್ ಕ್ಯೂ ಬಹುತೇಕ 17ರಿಂದ 18.5 ಔನ್ಸ್ ಒಳಗೇ ಇರುತ್ತೆ. ಗ್ರಾಂ ಲೆಕ್ಕದಲ್ಲಿ 17 ಅಂದರೆ 482, 18 ಅಂದರೆ 510, 19 ಅಂದರೆ 539. ನಿಯಮದಲ್ಲಿ ಕ್ಯೂ 3 ಅಡಿಗಿಂತ ಗಿಡ್ಡ ಇರಬಾರದು ಅಂತ ಇದೆ, ತೂಕಕ್ಕೆ ಮಿತಿ ಇಲ್ಲ.

ಎತ್ತರಕ್ಕೆ ಸಂಬಂಧ ಇರುವುದು ಉದ್ದಕ್ಕೆ. ಸಾಮಾನ್ಯ ಕ್ಯೂ 57-58 ಇಂಚು. ನಿಮ್ಮ ಎತ್ತರಕ್ಕೆ 57 ಸಾಕು, ಇನ್ನೂ ಒಂದು ಇಂಚು ಕಡಿಮೆ ಇದ್ದರೂ ನಡೆಯುತ್ತೆ.

ಇನ್ನು ತೂಕ. ನನ್ನ ಅಭಿಪ್ರಾಯದಲ್ಲಿ ಬರೀ ಔನ್ಸ್ ಹಿಡಿದು ಕ್ಯೂ ಆರಿಸುವುದೇ ತಪ್ಪು ದಾರಿ. ಕೈಗೆ ಗೊತ್ತಾಗುವುದು ಒಟ್ಟು ತೂಕ ಅಲ್ಲ, ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಬೆರಳ ಮೇಲೆ ಅಡ್ಡ ಇಟ್ಟಾಗ ಕ್ಯೂ ಯಾವ ಜಾಗದಲ್ಲಿ ಸಮವಾಗಿ ನಿಲ್ಲುತ್ತೋ ಅದೇ ಬ್ಯಾಲೆನ್ಸ್. ಬಟ್‌ನ (ಕೈಯಲ್ಲಿ ಹಿಡಿಯುವ ದಪ್ಪ ಹಿಂಭಾಗ) ತುದಿಯಿಂದ ಅಲ್ಲಿಗೆ ಟೇಪ್ ಹಿಡಿದು ಅಳೆಯಿರಿ. ಸಾಮಾನ್ಯವಾಗಿ 16ರಿಂದ 18 ಇಂಚು ಬರುತ್ತೆ. ಒಂದೇ 18 ಔನ್ಸಿನ ಎರಡು ಕ್ಯೂ ತಗೊಳ್ಳಿ, ಒಂದರ ಬ್ಯಾಲೆನ್ಸ್ 16ಕ್ಕೆ ಇರಲಿ, ಇನ್ನೊಂದರದ್ದು 18ಕ್ಕೆ. ಮೊದಲನೆಯದರಲ್ಲಿ ಭಾರ ಎಲ್ಲಾ ಹಿಂದೆ, ಟಿಪ್ ಹಗುರ ಅನಿಸುತ್ತೆ, ಜೋರಾಗಿ ಸ್ಕ್ರೂ (ವೈಟ್ ಬಾಲ್ ಹಿಂದಕ್ಕೆ ಬರುವ ಹಾಗೆ ಕೆಳಗೆ ಹೊಡೆಯುವುದು) ಹೊಡೆಯುವಾಗ ಮುಂಭಾಗ ಬ್ರಿಡ್ಜ್‌ನಿಂದ, ಅಂದರೆ ಕ್ಯೂಗೆ ಆಸರೆ ಕೊಡುವ ಮುಂಗೈಯಿಂದ, ಏಳೋಕೆ ನೋಡುತ್ತೆ. ಎರಡನೆಯದು ಬ್ರಿಡ್ಜ್ ಮೇಲೆ ಒತ್ತಿ ಕೂರುತ್ತೆ, ಸಾಲು ಬಿಡಲ್ಲ, ಆದರೆ ಹಗುರವಾಗಿ ಮುಟ್ಟಬೇಕಾದ ಶಾಟ್‌ನಲ್ಲಿ ಭಾರ ಅನಿಸಬಹುದು. ತಕ್ಕಡಿಯಲ್ಲಿ ಎರಡೂ ಒಂದೇ, ಆಡಿದರೆ ಬೇರೆ ಬೇರೆ ಕ್ಯೂ.

ಜಾಯಿಂಟ್ ಕೂಡ ನೋಡಿ. ಮುಕ್ಕಾಲು ಜಾಯಿಂಟ್ ಕ್ಯೂನಲ್ಲಿ (ಮುಂದಿನ ತುಂಡು ಉದ್ದ, ಹಿಂದಿನದು ಗಿಡ್ಡ) ಜಾಯಿಂಟ್‌ನ ಹಿತ್ತಾಳೆ ಕೂರುವುದು ಬಟ್ ಕಡೆ, ಹೆಚ್ಚುಕಮ್ಮಿ ಬ್ಯಾಲೆನ್ಸ್ ಹತ್ತಿರವೇ, ಹಾಗಾಗಿ ತೂಕ ಕೂಡಿದರೂ ಬ್ಯಾಲೆನ್ಸ್ ಅಷ್ಟಾಗಿ ಕದಲಲ್ಲ. ಸರಿಯಾಗಿ ನಡುವೆ ಎರಡು ತುಂಡಾಗುವ ಕ್ಯೂನಲ್ಲಿ ಅದೇ ಹಿತ್ತಾಳೆ 29 ಇಂಚಿನ ಹತ್ತಿರ ಕೂತು ಭಾರವನ್ನು ಮುಂದಕ್ಕೆ ಎಳೆಯುತ್ತೆ. ಹಿಂದೆ ಮಿನಿ ಬಟ್ (ಉದ್ದ ಹೆಚ್ಚಿಸೋಕೆ ಸಿಕ್ಕಿಸುವ ಗಿಡ್ಡ ತುಂಡು) ಹಾಕಿದರೆ ಉಲ್ಟಾ.

ಆ ಹಳೇ ಕ್ಯೂ ಇದೆ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ಮನೆಯಿಂದ ಅಡುಗೆ ತಕ್ಕಡಿ ತಗೊಂಡು ಹೋಗಿ ತೂಗಿ, ಬ್ಯಾಲೆನ್ಸ್ ಅಳೆದು ಬರೆದುಕೊಳ್ಳಿ. ಅಂಗಡಿಗೆ ಹೋಗುವಾಗ ಆ ಎರಡು ಅಂಕಿ ಜೇಬಲ್ಲಿ ಇರಲಿ.

ಕುಡ್ಲದ ಕ್ಯೂ:

ಬಾಕ್‌ಲೈನ್ ಹೇಳಿದ್ದು ಬಹಳಷ್ಟು ಸರಿ, ಆದರೆ ತೂಕ ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ ಓದಿಕೊಳ್ಳಬೇಡಿ. ನಾನು ಆಡುವುದು ಮಂಗಳೂರಿನಲ್ಲಿ. ಮಳೆಗಾಲದಲ್ಲಿ ಟೇಬಲ್ ಬಟ್ಟೆ ತೇವ ಹಿಡಿದು ಎಷ್ಟು ನಿಧಾನ ಆಗುತ್ತೆ ಅಂದರೆ, ಬೇಸಿಗೆಯಲ್ಲಿ ಎರಡು ಕುಷನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ತಾಗಿ ಬರುವ ವೈಟ್ (ನಾವು ಹೊಡೆಯುವ ಬಿಳಿ ಬಾಲ್) ಆಗ ಒಂದು ಕುಷನ್ ದಾಟಿ ನಿಂತುಬಿಡುತ್ತೆ. 17ರ ಕ್ಯೂನಲ್ಲಿ ಪ್ರತಿ ಶಾಟ್‌ಗೂ ಮೈಯೆಲ್ಲಾ ಹಾಕಿ ಹೊಡೆಯಬೇಕಾಗಿತ್ತು, ಭುಜ ಅಲುಗುತ್ತಿತ್ತು. 18.5ಕ್ಕೆ ಬಂದ ಮೇಲೆ ಕೈ ತಾನಾಗಿ ಸಾಗುತ್ತೆ, ನಾನು ದೂಡಬೇಕಾಗಿಲ್ಲ. ಇನ್ನೊಂದು, ಕ್ಯೂ ತೀರಾ ಹಗುರ ಇದ್ದರೆ ಕೈ ಅದನ್ನು ಬಿಗಿಯಾಗಿ ಹಿಡಿಯುತ್ತೆ. ಹಿಡಿತ ಬಿಗಿಯಾದರೆ ಮಣಿಕಟ್ಟು ತಿರುಗುತ್ತೆ, ಪಾಟ್ ಹೋಯಿತು, ಬಾಲ್ ಪಾಕೆಟ್‌ಗೆ ಬೀಳಲ್ಲ. ನಿಮ್ಮ ಪಾರ್ಲರ್‌ನಲ್ಲಿ ಎಸಿ ಇದೆಯಾ, ಬಟ್ಟೆ ಹೊಸದಾ ಹಳೆಯದಾ, ಅದನ್ನೂ ನೋಡಿ.

ಬಾಕ್‌ಲೈನ್:

ಹಿಡಿತದ ಮಾತು ಒಪ್ಪಿದೆ, ತುಂಬಾ ಮುಖ್ಯವಾದ ಮಾತು ಅದು. ಜೋರಿನ ಬಗ್ಗೆ ಮಾತ್ರ ಒಂದು ಲೆಕ್ಕ ಹೇಳುತ್ತೇನೆ. ಸ್ನೂಕರ್ ಬಾಲ್ ಸುಮಾರು 140 ಗ್ರಾಂ, ಕ್ಯೂ ಅದರ ಮೂರೂವರೆ ಪಟ್ಟು. ಕೈ ಒಂದೇ ವೇಗದಲ್ಲಿ ಸಾಗಿದರೆ 17 ಬಿಟ್ಟು 19ಕ್ಕೆ ಹೋದಾಗ ವೈಟ್‌ಗೆ ಸಿಗುವ ಹೆಚ್ಚಿನ ವೇಗ ಶೇಕಡಾ 2ರಿಂದ 3 ಅಷ್ಟೇ. ಭಾರದ ಕ್ಯೂ ಅದೇ ವೇಗದಲ್ಲಿ ಸಾಗಿಸೋಕೆ ಕೈಗೆ ಜಾಸ್ತಿ ಕೆಲಸ, ಅಂದ ಮೇಲೆ ಅಷ್ಟೂ ಸಿಗಲ್ಲ. ನಿಮಗೆ 18.5ರಲ್ಲಿ ಸಿಕ್ಕಿದ್ದು ನಿಧಾನವಾದ, ಅಲುಗದ ಕೈ ಇರಬೇಕು. ಜೋರು ಬಂದಿದ್ದು ಅದರಿಂದ, ಅಲ್ವಾ?

ಕುಡ್ಲದ ಕ್ಯೂ:

ಇರಬಹುದು. ಆದರೆ ಆ ಅಲುಗದ ಕೈ ತಂದುಕೊಟ್ಟಿದ್ದು ಆ ತೂಕವೇ ತಾನೆ. ಮಳೆಗಾಲಕ್ಕೆ ನಾನು 18.5 ಬಿಡಲ್ಲ.

ಹಸಿರುಬಟ್ಟೆ:

ಇಬ್ಬರಿಗೂ ಧನ್ಯವಾದ. ನಿನ್ನೆ ತಕ್ಕಡಿ ತಗೊಂಡು ಹೋಗಿದ್ದೆ. ನನಗೆ ಇಷ್ಟ ಆಗಿದ್ದ ಹಳೇ ಕ್ಯೂ 497 ಗ್ರಾಂ, ಬ್ಯಾಲೆನ್ಸ್ 17 ಇಂಚಿಗಿಂತ ಸ್ವಲ್ಪ ಮುಂದೆ. ಪಕ್ಕದಲ್ಲೇ ಇದ್ದ, ಆಡಿದರೆ ಬಾಲ್ ಎಲ್ಲೆಲ್ಲೋ ಹೋಗುವ ಕ್ಯೂ ಕೂಡ ತೂಗಿದೆ. ಅದು 501 ಗ್ರಾಂ! ಆದರೆ ಬ್ಯಾಲೆನ್ಸ್ ಸುಮಾರು 15 ಇಂಚು. ನಾಲ್ಕೇ ಗ್ರಾಂ ವ್ಯತ್ಯಾಸ, ಕೈಗೆ ಮಾತ್ರ ಅಜಗಜಾಂತರ. ಈಗ ಅಂಗಡಿಯಲ್ಲಿ 17.5 ಕೇಳಲಾ? ಅಲ್ಲಿ ಹೇಗೆ ಪರೀಕ್ಷೆ ಮಾಡುವುದು? ಸಾಲು ಸಾಲು ಕ್ಯೂ ಇರುತ್ತೆ, ಕೈಯಲ್ಲಿ ಹಿಡಿದರೆ ಎಲ್ಲಾ ಒಂದೇ ತರ.

ಹಳೇ ಮಾರ್ಕರ್:

ಕ್ಲಬ್‌ನಲ್ಲಿ ಮಾರ್ಕರ್ (ಸ್ಕೋರ್ ಬರೆದು ಟೇಬಲ್ ನೋಡಿಕೊಳ್ಳುವವರು) ಆಗಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಸದಸ್ಯರಿಗೆ ಕ್ಯೂ ಆರಿಸಿಕೊಟ್ಟಿದ್ದೇನೆ. ಹೌದು, 17.5ರ ಆಸುಪಾಸು ಕೇಳಿ, ಬ್ಯಾಲೆನ್ಸ್ 17 ಇಂಚು ಅಂತ ಮೊದಲೇ ಹೇಳಿಬಿಡಿ. ನಿಂತುಕೊಂಡು ಕೈಯಲ್ಲಿ ತೂಗಿ ನೋಡಿದರೆ ಏನೂ ಗೊತ್ತಾಗಲ್ಲ. ಟೇಬಲ್ ಇರುವ ಅಂಗಡಿಗೇ ಹೋಗಿ, ಇಲ್ಲದಿದ್ದರೆ ಪಾರ್ಲರ್‌ಗೆ ತಂದು ಆಡಿ ನೋಡಿ ಹಿಂತಿರುಗಿಸೋಕೆ ಆಗುತ್ತಾ ಕೇಳಿ.

ಟೇಬಲ್ ಸಿಕ್ಕ ಕೂಡಲೇ ಎಲ್ಲರೂ ಜೋರಾಗಿ ಹೊಡೆದು ನೋಡುತ್ತಾರೆ. ಜೋರು ಶಾಟ್‌ನಲ್ಲಿ ಯಾವ ಕ್ಯೂ ಆದರೂ ಚೆನ್ನಾಗೇ ಅನಿಸುತ್ತೆ. ಮೊದಲು ಮೆಲ್ಲಗಿನದು ಆಡಿ. ಬಾಕ್ ಲೈನ್‌ನಿಂದ (ಟೇಬಲ್‌ನ ಒಂದು ತುದಿ ಹತ್ತಿರ ಎಳೆದ ಅಡ್ಡಗೆರೆ) ವೈಟ್ ಬಿಟ್ಟು, ಆ ಕಡೆ ಕುಷನ್ ತಾಗಿ ವಾಪಸ್ ಬಂದು ಈ ಕಡೆ ಕುಷನ್ ಹತ್ತಿರ ನಿಲ್ಲುವ ಹಾಗೆ ಮಾಡಿ. ಪ್ರತಿ ಸಲ ದಾಟಿ ಹೋಗುತ್ತಿದ್ದರೆ ಕ್ಯೂ ನಿಮಗೆ ಭಾರ. ಪ್ರತಿ ಸಲ ಗಿಡ್ಡ ಬಿದ್ದು, ನೀವು ಕುಟ್ಟೋಕೆ ಶುರು ಮಾಡಿದರೆ ಹಗುರ. ಆಮೇಲೆ ಬ್ರೌನ್ ಸ್ಪಾಟ್ (ಬ್ರೌನ್ ಬಾಲ್ ಇಡುವ ಗುರುತು) ಮೇಲೆ ವೈಟ್ ಇಟ್ಟು ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲೆ ನೇರ ಕಳಿಸಿ. ಅದು ತಿರುಗಿ ನಿಮ್ಮ ಟಿಪ್‌ಗೇ ಬಂದು ತಾಗಬೇಕು. ಹೊಡೆದ ಮೇಲೆ ಎದ್ದೇಳಬೇಡಿ, ಹಾಗೇ ಬಗ್ಗಿದ್ದು ಟಿಪ್ ಎಲ್ಲಿ ನಿಂತಿದೆ ನೋಡಿ. ಬಲಕ್ಕೋ ಎಡಕ್ಕೋ ವಾಲಿದ್ದರೆ, ಇಲ್ಲಾ ಮೇಲೆದ್ದಿದ್ದರೆ, ಆ ಕ್ಯೂ ಪಕ್ಕಕ್ಕಿಡಿ. ಕೊನೆಗೆ ಸ್ಕ್ರೂ.

ಎರಡರ ನಡುವೆ ಮನಸ್ಸು ಓಲಾಡಿದರೆ ಹಗುರದ್ದು ತಗೊಳ್ಳಿ. ತೂಕ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಕೆಲವು ಕ್ಯೂಗಳ ಬಟ್ ಒಳಗೆ ಬದಲಾಯಿಸುವ ಬೋಲ್ಟ್ ಇರುತ್ತೆ, ಆದರೆ ಅಲ್ಲಿ ತೂಕ ಹಾಕಿದರೆ ಭಾರ ಹಿಂದಕ್ಕೇ ಹೋಗುತ್ತೆ, ನಿಮ್ಮ 17 ಇಂಚು 16 ಆಗಬಹುದು.

ತಗೊಂಡ ಮೇಲೆ ಕೆಲವು ತಿಂಗಳು ಬೇರೆ ಕ್ಯೂ ಮುಟ್ಟಬೇಡಿ. ಸ್ಟೀಫನ್ ಹೆಂಡ್ರಿ ಹುಡುಗನಾಗಿದ್ದಾಗ 40 ಪೌಂಡಿಗೆ ತಗೊಂಡಿದ್ದ ಕ್ಯೂನಲ್ಲೇ ಏಳು ಸಲ ವಿಶ್ವ ಚಾಂಪಿಯನ್ ಆದರು. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿಯುವವರೆಗೂ ಬಿಡಲಿಲ್ಲ. ಅವರ ಕ್ಯೂ ಎಷ್ಟು ಔನ್ಸ್ ಇತ್ತು ಅಂತ ಹುಡುಕಬೇಡಿ, ಅದು ಅವರ ಕೈಯದ್ದು. ನಮ್ಮ ಪಂಕಜ್ ಅಡ್ವಾಣಿ ಕ್ಯೂ ವಿಷಯಕ್ಕೂ ಇದೇ ಮಾತು.

ಮತ್ತೆ, ಅಂಗಡಿಯಲ್ಲಿ ಹೇಳುವ ತೂಕ ನಂಬಬೇಡಿ. 18 ಅಂತ ಚೀಟಿ ಇದ್ದು ತೂಗಿದರೆ 18.4 ಬಂದಿದ್ದು ನೋಡಿದ್ದೇನೆ. ಆ ಅಡುಗೆ ತಕ್ಕಡಿ ಅಂಗಡಿಗೂ ತಗೊಂಡು ಹೋಗಿ.

ಹಸಿರುಬಟ್ಟೆ:

ತಗೊಂಡು ಹೋಗುತ್ತೇನೆ ಸರ್. ಭಾನುವಾರ ಬೆಂಗಳೂರಿಗೆ ಹೊರಟಿದ್ದೇನೆ, ಟೇಬಲ್ ಇರುವ ಅಂಗಡಿ ಫೋನ್ ಮಾಡಿ ವಿಚಾರಿಸಿದ್ದಾಯಿತು. ಆಡಿ ನೋಡಿದ ಕ್ಯೂಗಳ ತೂಕ, ಬ್ಯಾಲೆನ್ಸ್ ಎಲ್ಲಾ ಇಲ್ಲೇ ಬರೆಯುತ್ತೇನೆ, ನೋಡಿ ಹೇಳಿ.